ಕಾರ್ಯಸ್ಮೃತಿ ಮತ್ತು ಅವಧಾನದ ತೊಂದರೆಗೆ ಕೋಚ್ ಆಗುವುದು ಹೇಗೆ: ಅರ್ಹತೆ, ತರಬೇತಿ, ಕೆಲಸದ ಮಿತಿ

ಹತ್ತು ವರ್ಷದ ಹುಡುಗನೊಬ್ಬನಿಗೆ ಶಿಕ್ಷಕಿ ಹೇಳುತ್ತಾರೆ: “ಲೆಕ್ಕದ ಪುಸ್ತಕ ತೆಗೆ, 42ನೇ ಪುಟಕ್ಕೆ ಹೋಗು, ನಾಲ್ಕನೆಯ ಲೆಕ್ಕ ಮಾಡು, ಮುಗಿದ ಮೇಲೆ ಕೆಳಗೆ ಗೆರೆ ಎಳೆದು ನನಗೆ ತಂದು ತೋರಿಸು.” ಹುಡುಗ ಪುಸ್ತಕ ತೆಗೆಯುತ್ತಾನೆ, 42ನೇ ಪುಟವನ್ನೂ ಹುಡುಕುತ್ತಾನೆ, ಆಮೇಲೆ ಪೆನ್ಸಿಲ್ ಹಿಡಿದುಕೊಂಡು ಸುಮ್ಮನೆ ಕೂತುಬಿಡುತ್ತಾನೆ. ನೋಡಿದವರು ಅವನನ್ನು ಸೋಮಾರಿ ಎಂದಾರು, ಹೇಳಿದ ಮಾತು ಕೇಳದವನು ಎಂದಾರು. ಕಾರ್ಯಸ್ಮೃತಿಯ (ಕೆಲಸ ಮುಗಿಯುವವರೆಗೆ ಸಂಗತಿಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟು ಬಳಸುವ ಶಕ್ತಿಯ) ಮತ್ತು ಅವಧಾನದ, ಅಂದರೆ ಗಮನದ, ತೊಂದರೆಗಳಲ್ಲಿ ತರಬೇತಾದ ಕೋಚ್ ಕೇಳಿಕೊಳ್ಳುವ ಪ್ರಶ್ನೆ ಬೇರೆ. ಐದು ಹೆಜ್ಜೆಗಳ ಆ ಸೂಚನೆಯಲ್ಲಿ ಮೂರನೆಯದು ಅವನ ಕಿವಿಗೇ ಬೀಳಲಿಲ್ಲವೋ, ಬಿದ್ದದ್ದು ಪುಟ ಹುಡುಕುವಷ್ಟರಲ್ಲಿ ಅಳಿಸಿಹೋಯಿತೋ, ಅಥವಾ ನೆನಪಿದ್ದೂ ಕೆಲಸ ಶುರುಮಾಡಲು ಆಗುತ್ತಿಲ್ಲವೋ? ಹೊರಗಿನಿಂದ ಮೂರೂ ಒಂದೇ ರೀತಿ ಕಾಣುತ್ತವೆ, ಆದರೆ ಮೂರಕ್ಕೂ ಮಾಡಬೇಕಾದ ಸಹಾಯ ಬೇರೆ ಬೇರೆ. ಇವುಗಳನ್ನು ಬಿಡಿಸಿ ನೋಡುವ ಕಣ್ಣನ್ನು ಬೆಳೆಸಿಕೊಳ್ಳುವುದೇ ಈ ವೃತ್ತಿಯ ತರಬೇತಿಯ ತಿರುಳು, ಮತ್ತು ಅದು ವಾರಾಂತ್ಯದ ಒಂದು ಕಾರ್ಯಾಗಾರದಲ್ಲಿ ಕೈಗೆ ಬರುವಂಥದ್ದಲ್ಲ.

ಈ ಕೆಲಸಕ್ಕೆ ಇಳಿಯುವವರು ಮೊದಲೇ ತಿಳಿದಿರಬೇಕಾದ ಸಂಗತಿಯೊಂದಿದೆ. ವೈದ್ಯರ ಹೆಸರಿಗೆ ಇರುವಂಥ ಕಾನೂನಿನ ರಕ್ಷಣೆ ಕೋಚ್ ಎಂಬ ಹೆಸರಿಗೆ ಬಹುತೇಕ ದೇಶಗಳಲ್ಲಿ ಇಲ್ಲ. ಯಾರು ಬೇಕಾದರೂ ಬಾಗಿಲಿಗೆ ಫಲಕ ಹಾಕಿಕೊಳ್ಳಬಹುದು. ಆದ್ದರಿಂದ ಅರ್ಹತೆ ಎಂದಾಗ ಮೂರು ಸಂಗತಿಗಳನ್ನು ಬೇರೆಯಾಗಿಯೇ ಎಣಿಸಬೇಕಾಗುತ್ತದೆ: ನಿಮ್ಮ ಮೂಲ ವಿದ್ಯೆ, ಕೋಚಿಂಗ್ ಅಥವಾ ನಿರ್ದಿಷ್ಟ ಕಾರ್ಯಕ್ರಮವೊಂದರಲ್ಲಿ ಪಡೆದ ತರಬೇತಿ, ಮತ್ತು ಅನುಭವಿಗಳೊಬ್ಬರ ಕಣ್ಣೆದುರು ಮಾಡಿದ ಅಭ್ಯಾಸ. ಜಾಹೀರಾತುಗಳಲ್ಲಿ ಎದ್ದು ಕಾಣುವುದು ಎರಡನೆಯದು. ನನ್ನ ಅನುಭವದಲ್ಲಿ ಕೋಚ್ ಒಬ್ಬರ ಕೆಲಸದ ಗುಣಮಟ್ಟವನ್ನು ನಿರ್ಧರಿಸುವುದು ಮೊದಲನೆಯದು ಮತ್ತು ಮೂರನೆಯದು.

ಯಾವ ಕೆಲಸ ಎಂಬುದನ್ನು ಮೊದಲು ನಿರ್ಧರಿಸಿ

ಕೋಚ್ ಎಂಬ ಒಂದೇ ಹೆಸರಿನಡಿ ಕನಿಷ್ಠ ಮೂರು ಕೆಲಸಗಳು ನಡೆಯುತ್ತವೆ. ಮೊದಲನೆಯದು, ಕಂಪ್ಯೂಟರಿನಲ್ಲಿ ಮಾಡುವ ಕಾರ್ಯಸ್ಮೃತಿ ಅಭ್ಯಾಸಕ್ಕೆ, ಅಂದರೆ ವರ್ಕಿಂಗ್ ಮೆಮೊರಿ ತರಬೇತಿಗೆ, ಜೊತೆ ನಿಲ್ಲುವ ಕೋಚ್. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧನೆಯಿಂದ ಹೊರಬಂದ ಕಾಗ್ಮೆಡ್ ಇದಕ್ಕೆ ಚಿರಪರಿಚಿತ ಉದಾಹರಣೆ. ಅದರ ಮೂಲ ಮಾದರಿಯಲ್ಲಿ ವಾರಕ್ಕೆ ಐದು ದಿನದಂತೆ ಐದು ವಾರ, ಒಟ್ಟು 25 ಅವಧಿಗಳು, ದಿನಕ್ಕೆ ಸುಮಾರು 30ರಿಂದ 45 ನಿಮಿಷಗಳ ಅಭ್ಯಾಸವಿದ್ದು, ಕೋಚ್ ವಾರಕ್ಕೊಮ್ಮೆ ಕರೆ ಮಾಡಿ ಪ್ರಗತಿಯನ್ನು ಪರಿಶೀಲಿಸುತ್ತಾರೆ. ಎರಡನೆಯದು, ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇರುವ ವಯಸ್ಕರ ಅಥವಾ ಹದಿಹರೆಯದವರ ದಿನಚರಿ, ಸಮಯಪಾಲನೆ, ಕೆಲಸ ಆರಂಭಿಸುವ ತೊಡಕುಗಳ ಮೇಲೆ ಮಾತುಕತೆಯ ಮೂಲಕ ಕೆಲಸ ಮಾಡುವ ಕೋಚ್. ಮೂರನೆಯದು, ಶಾಲೆಯೊಳಗೆ ಶಿಕ್ಷಕರೊಂದಿಗೆ ಸೇರಿ ಸೂಚನೆಗಳ ಹೊರೆ ಇಳಿಸುವ ಬೆಂಬಲ ಸಿಬ್ಬಂದಿ. ಈ ಮೂರಕ್ಕೂ ತಯಾರಿ ಒಂದೇ ಅಲ್ಲ; ಯಾವುದು ನಿಮ್ಮ ದಾರಿ ಎಂಬುದು ಸ್ಪಷ್ಟವಾಗುವ ತನಕ ಯಾವ ಕೋರ್ಸಿಗೂ ಹಣ ಕಟ್ಟಬೇಡಿ.

ಮೂಲ ವಿದ್ಯೆ

ಮಕ್ಕಳೊಂದಿಗೆ ಕೆಲಸ ಮಾಡುವುದಾದರೆ ಮನೋವಿಜ್ಞಾನ, ವಿಶೇಷ ಶಿಕ್ಷಣ, ವಾಕ್-ಭಾಷಾ ಚಿಕಿತ್ಸೆ, ಆಕ್ಯುಪೇಷನಲ್ ಥೆರಪಿ, ಶಿಕ್ಷಕ ವೃತ್ತಿ, ವೈದ್ಯಕೀಯ ಅಥವಾ ಶುಶ್ರೂಷೆ, ಇವುಗಳಲ್ಲಿ ಒಂದರ ಪದವಿ ಮತ್ತು ಒಂದೆರಡು ವರ್ಷಗಳ ನಿಜವಾದ ಅನುಭವ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಪದವಿಯ ಮೇಲಿನ ಮೋಹದಿಂದ ಹೇಳುವ ಮಾತಲ್ಲ. ಗಮನ ನಿಲ್ಲದ ಮಗುವಿನಲ್ಲಿ ಅದಕ್ಕೆ ಕಾರಣ ಶ್ರವಣದ ತೊಂದರೆ ಇರಬಹುದು, ಕಣ್ಣಿನ ದೋಷ, ನಿದ್ರೆಯ ಕೊರತೆ, ಆತಂಕ ಅಥವಾ ಓದಿನ ತೊಡಕು ಇರಬಹುದು. ಕೆಲವು ಸೆಕೆಂಡುಗಳ ಕಾಲ ಶೂನ್ಯದಲ್ಲಿ ದೃಷ್ಟಿ ನೆಟ್ಟು ಮತ್ತೆ ಮರಳುವ ಮಗುವಿಗೆ ಒಂದು ಬಗೆಯ ಮೂರ್ಛೆರೋಗವೂ ಇರಬಹುದು. ಇದನ್ನರಿಯದೆ ಎಲ್ಲರಿಗೂ ಒಂದೇ ಅಭ್ಯಾಸ ಹಚ್ಚಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಮೂಲ ವಿದ್ಯೆ ಕೊಡುವುದು ಮುಖ್ಯವಾಗಿ ಈ ಅನುಮಾನಿಸುವ ಶಕ್ತಿಯನ್ನು.

ವಯಸ್ಕರ ಕೋಚಿಂಗಿನಲ್ಲಿ ಬೇರೆ ಹಿನ್ನೆಲೆಯಿಂದ ಬಂದವರು, ತಮಗೇ ಎಡಿಎಚ್‌ಡಿ ಇರುವವರು ಕೂಡ ಚೆನ್ನಾಗಿ ಕೆಲಸ ಮಾಡುತ್ತಾರೆ. ಸ್ವಂತ ಅನುಭವದಿಂದ ಎದುರಿನವರ ನಂಬಿಕೆ ಬೇಗ ಸಿಗುತ್ತದೆ. ಆದರೆ ತನಗೆ ಒಗ್ಗಿದ ದಿನಚರಿ ಪುಸ್ತಕವೋ ಅಲಾರಮ್ಮೋ ಎಲ್ಲರಿಗೂ ಒಗ್ಗೀತು ಎಂಬ ಭ್ರಮೆಯೂ ಅಷ್ಟೇ ಬೇಗ ಹುಟ್ಟುತ್ತದೆ.

ಓದಿಕೊಳ್ಳಬೇಕಾದ ಸಿದ್ಧಾಂತ

1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಅವರು ಅಲ್ಪಕಾಲದ ಸ್ಮೃತಿಯ ಅಳತೆಯನ್ನು ಏಳು ಸಂಗತಿಗಳು, ಎರಡು ಹೆಚ್ಚು ಅಥವಾ ಕಡಿಮೆ ಎಂದು ಹೇಳಿದ್ದು ಬಹಳ ಪ್ರಸಿದ್ಧ. 2001ರಲ್ಲಿ ನೆಲ್ಸನ್ ಕೋವನ್ ಅವರು ಮನಸ್ಸಿನಲ್ಲೇ ಪುನರುಚ್ಚರಿಸಿಕೊಳ್ಳುವ ಅವಕಾಶವನ್ನು ತೆಗೆದುಹಾಕಿದರೆ ಆ ಅಳತೆ ಸುಮಾರು ನಾಲ್ಕಕ್ಕೆ ಇಳಿಯುತ್ತದೆ ಎಂದು ವಾದಿಸಿದರು. ಕೋಚ್ ಆದವರಿಗೆ ಇವೆರಡಕ್ಕಿಂತ ಉಪಯುಕ್ತವಾದದ್ದು 1974ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಾಮ್ ಹಿಚ್ ಮುಂದಿಟ್ಟ ಮಾದರಿ: ಕೇಳಿದ ಮಾತನ್ನು ಹಿಡಿದಿಡುವ ಒಂದು ಭಾಗ, ಕಂಡ ಚಿತ್ರವನ್ನೂ ಸ್ಥಳವನ್ನೂ ಹಿಡಿದಿಡುವ ಇನ್ನೊಂದು ಭಾಗ, ಇವೆರಡರ ಮೇಲೂ ಗಮನವನ್ನು ಹಂಚುವ ಕೇಂದ್ರ ನಿಯಂತ್ರಣ. 2000ದಲ್ಲಿ ಬ್ಯಾಡ್ಲಿ ಇದಕ್ಕೆ ನಾಲ್ಕನೆಯ ಭಾಗವೊಂದನ್ನು ಸೇರಿಸಿದರು. ಕೇಳಿದ್ದನ್ನು ಮರೆಯುವ ಮಗು ಕಂಡದ್ದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ ಎಂದಾದರೆ ಸೂಚನೆಗಳನ್ನು ಚಿತ್ರವಾಗಿಸುವ ಯೋಚನೆ ಈ ಮಾದರಿಯಿಂದಲೇ ಹೊಳೆಯುತ್ತದೆ.

ಸಿದ್ಧಾಂತವನ್ನು ಮೈಗೂಡಿಸಿಕೊಳ್ಳಲು ನಾನು ಕಲಿಯುವವರಿಂದ ಒಂದು ಅಭ್ಯಾಸ ಮಾಡಿಸುತ್ತೇನೆ. ಒಬ್ಬರು ಸೆಕೆಂಡಿಗೆ ಒಂದರಂತೆ ಅಂಕಿಗಳನ್ನು ಓದಬೇಕು: 5, 8, 2. ಇನ್ನೊಬ್ಬರು ಅದನ್ನು ಹಿಂದುಮುಂದಾಗಿ ಹೇಳಬೇಕು: 2, 8, 5. ಮೂರು ಅಂಕಿ ಸುಲಭ, ನಾಲ್ಕೂ ಸರಿಯೇ, ಐದಕ್ಕೆ ಬಂದಾಗ ತುಟಿ ಅಲುಗತೊಡಗುತ್ತದೆ, ಕಣ್ಣು ಮೇಲಕ್ಕೆ ಹೋಗುತ್ತದೆ. ಆರನೆಯ ಅಂಕಿ ಸೇರಿಸಿ, ಅದೇ ಹೊತ್ತಿಗೆ ಮೂರನೆಯವರು “ನಾಳೆ ಎಷ್ಟು ಗಂಟೆಗೆ ಬರುತ್ತೀರಿ?” ಎಂದು ಕೇಳಿದರೆ ಸಾಕು, ಇಡೀ ಸರಣಿ ಹೊಗೆಯಂತೆ ಕರಗಿಹೋಗುತ್ತದೆ. ಪದವಿ ಪಡೆದ ವಯಸ್ಕರಿಗೆ ಆ ಕ್ಷಣದಲ್ಲಿ ಆಗುವ ಪೆಚ್ಚು, ಸಣ್ಣ ಸಿಟ್ಟು, “ಇನ್ನೊಮ್ಮೆ ಹೇಳಿ” ಎನ್ನಲು ಹಿಂಜರಿಕೆ, ಇವನ್ನೆಲ್ಲ ನಮ್ಮ ಮುಂದೆ ಕೂರುವ ಮಗು ದಿನಕ್ಕೆ ಹತ್ತಾರು ಬಾರಿ ಅನುಭವಿಸುತ್ತದೆ.

ರೋಗನಿರ್ಣಯದ ಮಾನದಂಡಗಳನ್ನೂ ತಿಳಿದಿರಬೇಕು, ನಿರ್ಣಯಿಸುವುದಕ್ಕಾಗಿ ಅಲ್ಲ, ವರದಿ ಓದಿ ಅರ್ಥಮಾಡಿಕೊಳ್ಳುವುದಕ್ಕಾಗಿ. ಮಾನಸಿಕ ತೊಂದರೆಗಳ ನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿಯಾದ 2013ರ ಡಿಎಸ್‌ಎಂ-5ರ ಪ್ರಕಾರ ಎಡಿಎಚ್‌ಡಿಯ ಹಲವು ಲಕ್ಷಣಗಳು 12ನೇ ವಯಸ್ಸಿಗೆ ಮುನ್ನವೇ ಕಾಣಿಸಿಕೊಂಡಿರಬೇಕು, ಆರು ತಿಂಗಳಾದರೂ ಮುಂದುವರಿದಿರಬೇಕು, ಮನೆ ಮತ್ತು ಶಾಲೆಯಂತೆ ಎರಡು ಅಥವಾ ಹೆಚ್ಚಿನ ಸನ್ನಿವೇಶಗಳಲ್ಲಿ ಕಾಣಬೇಕು. ಗಮನದ ಕೊರತೆ ಅಥವಾ ಅತಿಚಟುವಟಿಕೆ, ಇವುಗಳಲ್ಲಿ ಒಂದು ಗುಂಪಿನ ಒಂಬತ್ತು ಲಕ್ಷಣಗಳಲ್ಲಿ ಮಕ್ಕಳಿಗೆ ಆರು, 17 ವರ್ಷ ಮತ್ತು ಅದಕ್ಕಿಂತ ಹೆಚ್ಚಿನವರಿಗೆ ಐದು ಇರಬೇಕು. ಕಾರ್ಯಸ್ಮೃತಿಯ ಕೊರತೆಯೂ ಎಡಿಎಚ್‌ಡಿಯೂ ಒಂದೇ ಅಲ್ಲ ಎಂಬುದನ್ನು ಕಲಿಕೆಯ ಮೊದಲ ವಾರದಲ್ಲೇ ಮನದಟ್ಟು ಮಾಡಿಕೊಳ್ಳಿ. ಎಡಿಎಚ್‌ಡಿ ಇರುವ ಎಲ್ಲರಲ್ಲೂ ಈ ಕೊರತೆ ಇರುವುದಿಲ್ಲ. ಪಾರ್ಶ್ವವಾಯು ಅಥವಾ ತಲೆಗೆ ಪೆಟ್ಟು ಬಿದ್ದವರಲ್ಲಿ, ಖಿನ್ನತೆಯಲ್ಲಿರುವವರಲ್ಲಿ ಎಡಿಎಚ್‌ಡಿ ಇಲ್ಲದೆಯೂ ಇದು ಕಾಣಿಸಿಕೊಳ್ಳುತ್ತದೆ.

ಪುರಾವೆಯ ವಿಷಯದಲ್ಲಿ ಪ್ರಾಮಾಣಿಕತೆ

ಅಭ್ಯಾಸದಿಂದ ಕಾರ್ಯಸ್ಮೃತಿ ಬೆಳೆಯುತ್ತದೆಯೇ ಎಂದು ಕುಟುಂಬದವರು ಕೇಳುತ್ತಾರೆ. ಇದಕ್ಕೆ ಒಂದೇ ಪದದ ಉತ್ತರ ಕೊಡುವವರು ಕೋರ್ಸನ್ನು ಮತ್ತೊಮ್ಮೆ ಓದುವುದು ಒಳ್ಳೆಯದು. ಟಾರ್ಕೆಲ್ ಕ್ಲಿಂಗ್‌ಬರ್ಗ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಎಡಿಎಚ್‌ಡಿ ಇರುವ 53 ಮಕ್ಕಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಅಭ್ಯಾಸ ಮಾಡಿದ ಮಕ್ಕಳು ಸ್ಮೃತಿಯ ಪರೀಕ್ಷೆಗಳಲ್ಲಿ ಮುಂದೆ ಬಂದರು, ಹೆತ್ತವರು ಲಕ್ಷಣಗಳು ಇಳಿದವೆಂದರು, ಆದರೆ ಶಿಕ್ಷಕರ ಅಂದಾಜಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2013ರಲ್ಲಿ ಮೋನಿಕಾ ಮೆಲ್ಬಿ-ಲೆರ್ವಾಗ್ ಮತ್ತು ಚಾರ್ಲ್ಸ್ ಹಲ್ಮ್ 23 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಭ್ಯಾಸ ಮಾಡಿದಂಥದ್ದೇ ಕೆಲಸಗಳಲ್ಲಿ ಅಲ್ಪಕಾಲದ ಸುಧಾರಣೆ ಇದೆ, ಓದು ಮತ್ತು ಲೆಕ್ಕದಂಥ ಕೌಶಲಗಳಿಗೆ ಅದು ಹರಡುವುದಕ್ಕೆ ನಂಬಬಹುದಾದ ಪುರಾವೆಯಿಲ್ಲ ಎಂಬ ತೀರ್ಮಾನಕ್ಕೆ ಬಂದರು. 2016ರಲ್ಲಿ 87 ಪ್ರಕಟಣೆಗಳನ್ನು ಒಳಗೊಂಡ ಇನ್ನೂ ದೊಡ್ಡ ವಿಶ್ಲೇಷಣೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅದೇ ವರ್ಷ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜಾಹೀರಾತಿನ ದೊಡ್ಡ ಮಾತುಗಳಿಗಾಗಿ ಹೂಡಿದ್ದ ಪ್ರಕರಣದಲ್ಲಿ ಲ್ಯುಮಾಸಿಟಿ ಎಂಬ ಮಿದುಳಿನ ಆಟಗಳ ತಯಾರಕರು 20 ಲಕ್ಷ ಡಾಲರ್ ಕೊಟ್ಟು ರಾಜಿಯಾಗಬೇಕಾಯಿತು.

ಹಾಗಾದರೆ ಕೋಚ್ ಏನು ಹೇಳಬೇಕು? “ಈ ಅಭ್ಯಾಸದಿಂದ ಇಂಥದ್ದೇ ಕೆಲಸಗಳಲ್ಲಿ ನಿಮ್ಮ ಮಗು ಮುಂದೆ ಬರುವ ಸಾಧ್ಯತೆ ಇದೆ. ಪರೀಕ್ಷೆಯ ಅಂಕ ಏರುತ್ತದೆಂದು ನಾನು ಮಾತು ಕೊಡಲಾರೆ. ಆದ್ದರಿಂದ ಅಭ್ಯಾಸದ ಜೊತೆಗೇ ತರಗತಿಯಲ್ಲಿ, ಮನೆಯಲ್ಲಿ ಬೇಕಾದ ಬದಲಾವಣೆಗಳನ್ನೂ ಮಾಡೋಣ.” ಈ ಮೂರು ವಾಕ್ಯಗಳನ್ನು ತಡವರಿಸದೆ, ಕ್ಷಮೆ ಕೇಳುವ ಧ್ವನಿಯೂ ಇಲ್ಲದೆ ಹೇಳಲು ಬರುವವರೆಗೆ ಅಭಿನಯದ ಮೂಲಕ ರೂಢಿ ಮಾಡಿಕೊಳ್ಳಿ. ಒಂದೇ ಪರೀಕ್ಷೆಯನ್ನು ಎರಡನೆಯ ಬಾರಿ ಕೊಟ್ಟಾಗ ರೂಢಿಯಿಂದಲೇ ಅಂಕ ಏರುತ್ತದೆ, ತೀರಾ ಕೆಟ್ಟ ವಾರದಲ್ಲಿ ಬಂದವರು ಏನೂ ಮಾಡದಿದ್ದರೂ ಸ್ವಲ್ಪ ಚೇತರಿಸಿಕೊಳ್ಳುತ್ತಾರೆ ಎಂಬ ಎರಡು ಸಂಗತಿಗಳೂ ತಿಳಿದಿರಲಿ. ಇವನ್ನು ಮರೆತ ಕೋಚ್ ತನ್ನ ಯಶಸ್ಸಿನ ಕಥೆಗಳನ್ನು ತಾನೇ ನಂಬಿಬಿಡುತ್ತಾನೆ.

ಪ್ರಗತಿಯ ನಕ್ಷೆ ಓದುವುದು, ಕರೆ ಮಾಡುವುದು

ಕಂಪ್ಯೂಟರ್ ಕಾರ್ಯಕ್ರಮ ಆಧಾರಿತ ಕೋಚ್‌ಗಳ ತರಬೇತಿಯಲ್ಲಿ ತೆರೆಯ ಮೇಲಿನ ಗುಂಡಿಗಳನ್ನು ತೋರಿಸಲು ವ್ಯಯವಾಗುವ ಸಮಯದ ನಾಲ್ಕು ಪಟ್ಟು ವಾರದ ಕರೆಗೆ ಮೀಸಲಾಗಬೇಕು. ಸಾಫ್ಟ್‌ವೇರ್ ಕಷ್ಟದ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತದೆ: ಮಗು ಸರಿಯಾಗಿ ಮಾಡಿದರೆ ನೆನಪಿಡಬೇಕಾದ ಸಂಗತಿಗಳ ಸಂಖ್ಯೆ ಹೆಚ್ಚುತ್ತದೆ, ತಪ್ಪಿದರೆ ಇಳಿಯುತ್ತದೆ. ಅಂದರೆ ಮಗು ಯಾವಾಗಲೂ ತನ್ನ ಶಕ್ತಿಯ ಅಂಚಿನಲ್ಲೇ ಇರುತ್ತದೆ, ದಿನವೂ ಸಾಕಷ್ಟು ತಪ್ಪು ಮಾಡಿಯೇ ಮಾಡುತ್ತದೆ. ಇದನ್ನು ಹೆತ್ತವರಿಗೆ ಮೊದಲ ದಿನವೇ ತಿಳಿಸದಿದ್ದರೆ ಮೂರನೆಯ ದಿನ “ಅವನಿಗೆ ಏನೂ ಬರುತ್ತಿಲ್ಲ” ಎಂಬ ದೂರು ಖಂಡಿತ.

ಒಂದು ಉದಾಹರಣೆ ನೋಡೋಣ. ಸೋಮವಾರದಿಂದ ಬುಧವಾರದವರೆಗೆ ಮಗು ನೆನಪಿಟ್ಟ ಸಂಗತಿಗಳ ಸರಾಸರಿ ನಾಲ್ಕರಿಂದ ಐದರ ನಡುವೆ ಇದೆ. ಗುರುವಾರ ಮೂರಕ್ಕೆ ಕುಸಿದಿದೆ, ಶುಕ್ರವಾರವೂ ಮೂರು. ಕಲಿಯುವ ಕೋಚ್ ಸಾಮಾನ್ಯವಾಗಿ ಇಲ್ಲಿ ಸ್ಮೃತಿಯ ಬಗ್ಗೆ ಮಾತನಾಡಲು ಹೊರಡುತ್ತಾರೆ. ಅನುಭವಿ ಮೊದಲು ನೋಡುವುದು ಆರಂಭದ ಸಮಯ, ನಡುವಿನ ವಿರಾಮ ಮತ್ತು ಉತ್ತರಿಸುವ ವೇಗ. ಗುರುವಾರದ ಅಭ್ಯಾಸ ರಾತ್ರಿ ಎಂಟೂವರೆಗೆ ಆರಂಭವಾಗಿದೆ, ಉತ್ತರಗಳು ಎಂದಿಗಿಂತ ಬೇಗ ಬಂದಿವೆ, ಅಂದರೆ ಮಗು ಯೋಚಿಸದೆ ಒತ್ತುತ್ತಿದೆ. ಆಗ ಕರೆ ಹೀಗೆ ಸಾಗಬಹುದು:

“ಈ ವಾರ ಐದು ದಿನವೂ ತಪ್ಪದೆ ಕೂರಿಸಿದ್ದೀರಿ, ಅದು ಸುಲಭವಲ್ಲ. ಗುರುವಾರ ಅಭ್ಯಾಸ ತಡವಾಗಿ ಶುರುವಾದಂತಿದೆಯಲ್ಲ?”

“ಹೌದು ಮೇಡಂ, ಅವತ್ತು ನಾನು ಕೆಲಸದಿಂದ ಬರುವುದೇ ತಡವಾಯಿತು. ಅವನು ಕಣ್ಣುಜ್ಜುತ್ತಾ ಕೂತಿದ್ದ. ಬೈದು ಮುಗಿಸಿದೆ.”

“ಅಂಥ ದಿನ ಅರ್ಧ ಮಾಡಿ ನಿಲ್ಲಿಸಿದರೂ ತೊಂದರೆಯಿಲ್ಲ. ಬರುವ ವಾರ ನಿಮಗೆ ತಡವಾಗುವ ದಿನ ಯಾವುದು? ಆ ದಿನಕ್ಕೆ ಬೇರೆ ಹೊತ್ತೊಂದನ್ನು ಈಗಲೇ ಗೊತ್ತು ಮಾಡಿಕೊಳ್ಳೋಣವೇ?”

ಈ ಸಂಭಾಷಣೆಯಲ್ಲಿ ಕೋಚ್ ತಾಯಿಯ ಮೇಲೆ ತಪ್ಪು ಹೊರಿಸಲಿಲ್ಲ, ಬೈದ ವಿಷಯವನ್ನು ಕೆದಕಲೂ ಇಲ್ಲ. ಬೈಗುಳಕ್ಕೆ ಎಡೆಮಾಡಿದ ಹೊತ್ತನ್ನೇ ಬದಲಿಸಲು ನೋಡಿದರು. ಕರೆಯ ಮುಂದಿನ ಭಾಗದಲ್ಲಿ ಮಗುವಿನೊಂದಿಗೇ ಎರಡು ನಿಮಿಷ ಮಾತನಾಡಬೇಕು. “ಚೆನ್ನಾಗಿ ಮಾಡಿದೆ” ಎಂಬ ಬರಿಯ ಹೊಗಳಿಕೆ ಮಕ್ಕಳಿಗೆ ಬೇಗ ಹಳಸುತ್ತದೆ. “ಬುಧವಾರ ಐದು ಚೌಕಗಳಲ್ಲಿ ಒಮ್ಮೆ ತಪ್ಪಿದ ಮೇಲೆ ನೀನು ನಿಧಾನ ಮಾಡಿಕೊಂಡೆ, ಆಮೇಲೆ ಮೂರು ಸಲ ಸರಿ ಬಂತು, ಹೇಗೆ ಮಾಡಿದೆ?” ಎಂದು ಕೇಳಿದರೆ ಮಗು ತನ್ನ ಉಪಾಯವನ್ನು ತಾನೇ ಹೇಳುತ್ತದೆ. ಆ ಉಪಾಯವನ್ನು ಮಗುವಿನ ಮಾತಿನಲ್ಲೇ ಬರೆದುಕೊಳ್ಳಿ; ತರಗತಿಗೆ ಒಯ್ಯಬಹುದಾದ ಸಾಮಗ್ರಿ ಅಲ್ಲೇ ಇರುತ್ತದೆ.

ಕೋಚಿಂಗ್ ಕೌಶಲದ ಪ್ರಮಾಣಪತ್ರ

ವಯಸ್ಕರೊಂದಿಗೆ ಮಾತುಕತೆಯ ಕೋಚಿಂಗ್ ಮಾಡುವವರಿಗೆ ಸಾಮಾನ್ಯ ಕೋಚಿಂಗಿನ ಅಡಿಪಾಯ ಬೇಕು. 1995ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಮೂರು ಹಂತದ ಮಾನ್ಯತೆ ಕೊಡುತ್ತದೆ. ಮೊದಲ ಹಂತವಾದ ಎಸಿಸಿಗೆ 60 ಗಂಟೆಗಳ ಶಿಕ್ಷಣ ಮತ್ತು 100 ಗಂಟೆಗಳ ಕೋಚಿಂಗ್ ಅನುಭವ, ಎರಡನೆಯದಾದ ಪಿಸಿಸಿಗೆ 125 ಮತ್ತು 500, ಮೂರನೆಯದಾದ ಎಂಸಿಸಿಗೆ 200 ಮತ್ತು 2,500 ಗಂಟೆಗಳು ಬೇಕು; ಜೊತೆಗೆ 10 ಗಂಟೆಗಳ ಮಾರ್ಗದರ್ಶಕ ಕೋಚಿಂಗ್ ಇರಬೇಕು, ಮತ್ತು ಮಾನ್ಯತೆಯನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದು ಸಾಮಾನ್ಯ ಕೋಚಿಂಗಿನ ಮಾನ್ಯತೆ. ಅವಧಾನದ ತೊಂದರೆಯ ಬಗ್ಗೆ ಪ್ರತ್ಯೇಕ ಕಲಿಕೆ ಇದರ ಮೇಲೆ ಸೇರಬೇಕು.

ಏಕೆಂದರೆ ಸಾಮಾನ್ಯ ಕೋಚಿಂಗಿನ ಕೆಲವು ರೂಢಿಗಳು ಇಲ್ಲಿ ಕೈಕೊಡುತ್ತವೆ. “ಮುಂದಿನ ವಾರದೊಳಗೆ ಏನು ಮಾಡುತ್ತೀರಿ?” ಎಂದು ಕೇಳಿ ಬಿಟ್ಟರೆ ಎದುರಿನವರು ಉತ್ಸಾಹದಿಂದ ಉತ್ತರಿಸುತ್ತಾರೆ, ಕೋಣೆಯ ಹೊಸ್ತಿಲು ದಾಟುವಷ್ಟರಲ್ಲಿ ಮರೆಯುತ್ತಾರೆ, ಮುಂದಿನ ವಾರ ನಾಚಿಕೆಯಿಂದ ಬರುವುದೇ ಇಲ್ಲ. ಪೀಟರ್ ಗಾಲ್‌ವಿಟ್ಜರ್ 1999ರಲ್ಲಿ ವಿವರಿಸಿದ “ಹೀಗಾದಾಗ ಹೀಗೆ ಮಾಡುತ್ತೇನೆ” ಎಂಬ ಬಗೆಯ ಯೋಜನೆ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ: “ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದಾಗ, ಇಮೇಲ್ ನೋಡುವ ಮೊದಲು, ವರದಿಯ ಕಡತ ತೆರೆದು ಒಂದು ವಾಕ್ಯ ಬರೆಯುತ್ತೇನೆ.” ಆ ವಾಕ್ಯವನ್ನು ಅಲ್ಲೇ ಚೀಟಿಯಲ್ಲಿ ಬರೆಸಿ, ಲ್ಯಾಪ್‌ಟಾಪಿನ ಮೇಲೆ ಅಂಟಿಸಿದ ಚಿತ್ರವನ್ನು ಅಂದೇ ಕಳಿಸುವಂತೆ ಕೇಳುವುದು ಅತಿಯಾಯಿತೆಂದು ಹೊಸ ಕೋಚ್‌ಗಳಿಗೆ ಅನ್ನಿಸುತ್ತದೆ. ಅತಿಯಲ್ಲ. ನೆನಪಿನ ಭಾರವನ್ನು ತಲೆಯಿಂದ ಇಳಿಸಿ ಕೆಲಸ ನಡೆಯುವ ಜಾಗದಲ್ಲೇ ಇಡುವುದು ಈ ಕೋಚಿಂಗಿನ ಅರ್ಧ ಕೆಲಸ.

ಕೋರ್ಸ್ ಆಯ್ದುಕೊಳ್ಳುವಾಗ

ಕೋರ್ಸ್ ನಡೆಸುವವರನ್ನು ನೇರವಾಗಿ ಕೇಳಿ: ಕಲಿಸುವವರು ಈಗಲೂ ಕೋಚಿಂಗ್ ಮಾಡುತ್ತಾರೆಯೇ? ನನ್ನ ನಿಜವಾದ ಅವಧಿಗಳನ್ನು ಯಾರಾದರೂ ಕೇಳಿ ತಿದ್ದುತ್ತಾರೆಯೇ, ಎಷ್ಟು ಅವಧಿಗಳನ್ನು? ಅನುತ್ತೀರ್ಣರಾಗುವವರೂ ಇದ್ದಾರೆಯೇ? ವಿರುದ್ಧ ಫಲಿತಾಂಶ ಬಂದ ಅಧ್ಯಯನಗಳನ್ನು ಪಾಠದಲ್ಲಿ ಚರ್ಚಿಸುತ್ತೀರಾ? ಕೊನೆಯ ಪ್ರಶ್ನೆಗೆ ಮುಖ ಬಿಗಿದುಕೊಂಡರೆ ಅಲ್ಲಿಂದ ಎದ್ದು ಬನ್ನಿ. ನಾನು ಹಿಂದೊಮ್ಮೆ ಸೇರಿದ್ದ ತರಬೇತಿಯೊಂದರಲ್ಲಿ ಎರಡು ದಿನ ಸ್ಲೈಡುಗಳನ್ನು ತೋರಿಸಿ, ಹತ್ತು ಬಹುಆಯ್ಕೆ ಪ್ರಶ್ನೆಗಳಿಗೆ ಉತ್ತರಿಸಿದ ಕೂಡಲೇ ಪ್ರಮಾಣಪತ್ರ ಕೈಗಿತ್ತರು. ಮೊದಲ ಮಗು ಎದುರು ಕೂತು ಅಳತೊಡಗಿದಾಗ ಆ ಕಾಗದದಲ್ಲಿ ನನಗೆ ಬೇಕಾದದ್ದು ಒಂದೂ ಇರಲಿಲ್ಲ.

ದಾಟಬಾರದ ಗೆರೆಗಳು

ಕೋಚ್ ರೋಗ ನಿರ್ಣಯಿಸುವುದಿಲ್ಲ. ಬುದ್ಧಿಶಕ್ತಿಯನ್ನು ಅಳೆಯುವ ವೆಕ್ಸ್ಲರ್ ಮಾಪಕಗಳಂಥ ಪ್ರಮಾಣೀಕೃತ ಪರೀಕ್ಷೆಗಳನ್ನು ಅದಕ್ಕೆ ಅರ್ಹತೆ ಪಡೆದವರಷ್ಟೇ ನಡೆಸಬೇಕು. ನಿಮಗೆ ಬೇಕಾದದ್ದು ವರದಿಯಲ್ಲಿನ ಕಾರ್ಯಸ್ಮೃತಿಯ ಸೂಚ್ಯಂಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಓದುವ ಸಾಮರ್ಥ್ಯ. ಔಷಧದ ಪ್ರಮಾಣ, ಹೊತ್ತು, ನಿಲ್ಲಿಸುವುದು, ಇದಾವುದರ ಬಗ್ಗೆಯೂ ಅಭಿಪ್ರಾಯ ಕೊಡಬೇಡಿ, “ಅಭ್ಯಾಸ ಚೆನ್ನಾಗಿ ನಡೆಯುತ್ತಿದೆ, ಇನ್ನು ಮಾತ್ರೆ ಬೇಕೇ?” ಎಂದು ಕೇಳಿದಾಗ ಪ್ರಶ್ನೆಯನ್ನು ಬರೆದುಕೊಟ್ಟು ವೈದ್ಯರ ಬಳಿಗೆ ಕಳಿಸಿ. ಆತ್ಮಹತ್ಯೆಯ ಮಾತು, ಮಗುವಿನ ಮೇಲೆ ಹಿಂಸೆಯ ಸುಳಿವು, ಹೊಸದಾಗಿ ಕಾಣಿಸಿದ ಪ್ರಜ್ಞೆ ತಪ್ಪುವಿಕೆ, ಹಠಾತ್ತಾಗಿ ಕುಸಿದ ಸ್ಮೃತಿ, ಇವು ಕಂಡಾಗ ಕೋಚಿಂಗ್ ಅಲ್ಲಿಗೇ ನಿಲ್ಲಬೇಕು, ಸಂಬಂಧಪಟ್ಟವರಿಗೆ ಅಂದೇ ತಿಳಿಸಬೇಕು. ಯಾರಿಗೆ, ಯಾವ ಸಂಖ್ಯೆಗೆ ಎಂಬ ಹಾಳೆಯನ್ನು ಮೊದಲ ಗ್ರಾಹಕರು ಬರುವ ಮುನ್ನವೇ ಸಿದ್ಧಪಡಿಸಿಟ್ಟುಕೊಳ್ಳಿ.

ಮೇಲ್ವಿಚಾರಣೆ ಮತ್ತು ದಾಖಲೆ

ಮೊದಲ ವರ್ಷ ಒಟ್ಟಿಗೆ ನಾಲ್ಕೈದು ಮಂದಿಗಿಂತ ಹೆಚ್ಚು ಜನರನ್ನು ತೆಗೆದುಕೊಳ್ಳಬೇಡಿ. ಹದಿನೈದು ದಿನಕ್ಕೊಮ್ಮೆಯಾದರೂ ಮೇಲ್ವಿಚಾರಕರೊಂದಿಗೆ ಕುಳಿತು, ಲಿಖಿತ ಒಪ್ಪಿಗೆ ಪಡೆದು ದಾಖಲಿಸಿದ ಒಂದು ಅವಧಿಯ ಧ್ವನಿಯನ್ನು ಕೇಳಿಸಿ. ನೀವು ಚೆನ್ನಾಗಿ ನಡೆಯಿತು ಎಂದುಕೊಂಡ ಅವಧಿಗಿಂತ ತಡವರಿಸಿದ ಅವಧಿಯನ್ನೇ ಆಯ್ದುಕೊಂಡು ಹೋಗಿ. ನನ್ನ ಮೊದಲ ದಾಖಲೆಯನ್ನು ಕೇಳಿದ ಮೇಲ್ವಿಚಾರಕಿ ಬೇರೇನೂ ಹೇಳದೆ, ಪ್ರಶ್ನೆ ಕೇಳಿದ ಮೇಲೆ ನಾನು ಎಷ್ಟು ಸೆಕೆಂಡು ಸುಮ್ಮನಿದ್ದೆ ಎಂದು ಎಣಿಸಿ ತೋರಿಸಿದರು. ಎರಡು ಸೆಕೆಂಡು. ಮಾತನ್ನು ಮನಸ್ಸಿನಲ್ಲಿ ಹಿಡಿದು ಉತ್ತರ ಕಟ್ಟಲು ಹೆಣಗುವ ಮಗುವಿಗೆ ಅದು ಏನೇನೂ ಸಾಲದು. ಆಮೇಲೆ ನಾನು ಪ್ರಶ್ನೆ ಕೇಳಿ ಮೇಜಿನ ಕೆಳಗೆ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾ ಹತ್ತರವರೆಗೆ ಎಣಿಸುವುದನ್ನು ರೂಢಿಸಿಕೊಂಡೆ, ಈಗಲೂ ಎಣಿಸುತ್ತೇನೆ.

ಮಕ್ಕಳ ವಿಷಯದಲ್ಲಿ ಪಾಲಕರ ಲಿಖಿತ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯೂ ಬೇಕು, ನಿಮ್ಮ ಹಿನ್ನೆಲೆಯ ಪರಿಶೀಲನೆಯ ಪತ್ರವನ್ನು ಪಾಲಕರು ಕೇಳುವ ಮೊದಲೇ ತೋರಿಸಬೇಕು. ಪ್ರತಿ ಅವಧಿಯ ನಂತರ ಆರೇಳು ಸಾಲಿನ ಟಿಪ್ಪಣಿ ಸಾಕು: ಏನು ನೋಡಿದಿರಿ, ಏನು ಒಪ್ಪಿಕೊಂಡಿರಿ, ಮುಂದೇನು. ನೋಡಿದ್ದನ್ನೂ ಊಹಿಸಿದ್ದನ್ನೂ ಬೇರೆ ಸಾಲುಗಳಲ್ಲಿ ಬರೆಯಿರಿ. “ಮಗುವಿಗೆ ಆಸಕ್ತಿಯಿಲ್ಲ” ಎಂಬುದು ಊಹೆ, “ಏಳನೆಯ ನಿಮಿಷದಲ್ಲಿ ಕುರ್ಚಿಯಿಂದ ಎದ್ದು ಕಿಟಕಿಯತ್ತ ಹೋದ” ಎಂಬುದು ಕಂಡದ್ದು.

ಕಾರ್ಯಕ್ರಮ ಮುಗಿದ ಮೂರು ತಿಂಗಳ ನಂತರ, ಮತ್ತೆ ಆರು ತಿಂಗಳ ನಂತರ ಒಂದೊಂದು ಕರೆಯನ್ನು ಮೊದಲ ಒಪ್ಪಂದದಲ್ಲೇ ಸೇರಿಸಿ. ಆಗ ಅಂಕಗಳ ಬಗ್ಗೆ ಕೇಳುವ ಮೊದಲು, ಹೆಜ್ಜೆಗಳನ್ನು ಬರೆದು ಮೇಜಿಗೆ ಅಂಟಿಸಿದ್ದ ಚೀಟಿ ಇನ್ನೂ ಅಲ್ಲಿದೆಯೇ ಎಂದು ಕೇಳಿ. ಇಲ್ಲವೆಂದರೆ, ಅದು ಹರಿದುಹೋಯಿತೋ, ಮಗುವಿಗೆ ಅದರ ಅಗತ್ಯವೇ ಬೀಳಲಿಲ್ಲವೋ ಎಂಬುದನ್ನು ಮಗುವಿನ ಬಾಯಿಂದಲೇ ತಿಳಿದು ಕಡತದಲ್ಲಿ ಬರೆಯಿರಿ.